ನಿಧಾನವಾಗಿದ್ದ ಎಸ್‌ಎಸ್‌ಡಿಯನ್ನು ಬದಲಿಸದೆ ಸರಿಪಡಿಸಿದ ಬಗೆ: ನನ್ನ ಅನುಭವ

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರಿನಲ್ಲಿ ನಾನು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಹಳೆಯ ಪುಸ್ತಕಗಳ ಮರುಮುದ್ರಣದ ಕೆಲಸ ಬಂದಾಗ ಪುಟಗಳನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬೇಕಾಗುತ್ತದೆ. ಎ4 ಅಳತೆಯ ಒಂದು ಬಣ್ಣದ ಪುಟವನ್ನು ಸಂಕುಚಿಸದೆ ಉಳಿಸಿದರೆ ಅದೊಂದೇ ಸುಮಾರು 100 ಎಂಬಿ ಜಾಗ ತೆಗೆದುಕೊಳ್ಳುತ್ತದೆ. ಯಂತ್ರದಲ್ಲಿರುವುದು ಇಂಟೆಲ್‌ನ ಮೂರನೆಯ ತಲೆಮಾರಿನ ಪ್ರೊಸೆಸರ್, ಬಿ75 ಚಿಪ್‌ಸೆಟ್‌ನ ಮದರ್‌ಬೋರ್ಡ್ ಮತ್ತು ಆಮೇಲೆ ಹಾಕಿಸಿದ 240 ಜಿಬಿಯ ಸಾಟಾ ಎಸ್‌ಎಸ್‌ಡಿ, ಅಂದರೆ ಸಾಟಾ ಎಂಬ ಕೇಬಲ್ ಸಂಪರ್ಕದಿಂದ ಬೋರ್ಡಿಗೆ ಸೇರುವ, ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ದತ್ತಾಂಶ ಇಡುವ ಡಿಸ್ಕು. ಹಾಕಿಸಿದ ಹೊಸದರಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಡತಗಳು ತೆರೆದುಕೊಳ್ಳುತ್ತಿದ್ದ ಈ ಯಂತ್ರ, ಬರಬರುತ್ತಾ ಹಳೆಯ ಹಾರ್ಡ್ ಡಿಸ್ಕಿನ ಕಾಲವನ್ನೇ ನೆನಪಿಸತೊಡಗಿತು.

ತಿಳಿದವರನ್ನು ಕೇಳಿದಾಗ ಕೆಲವರು ಫಾರ್ಮ್ಯಾಟ್ ಮಾಡಿಬಿಡಿ ಎಂದರು, ಕೆಲವರು ಎಸ್‌ಎಸ್‌ಡಿಯ ಆಯುಸ್ಸು ಮುಗಿದಿದೆ, ಹೊಸದನ್ನು ಕೊಳ್ಳಿ ಎಂದರು. ಎರಡಕ್ಕೂ ಮೊದಲು ನಾನು ಮಾಡಿದ್ದು, ‘ನಿಧಾನ’ ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದ ತೊಂದರೆಯನ್ನು ಬಿಡಿಬಿಡಿಯಾಗಿ ನೋಡಿದ್ದು. ಕೆಲಸದ ನಡುವೆ ಕೆಲವೊಮ್ಮೆ ಇಡೀ ಯಂತ್ರ ಅರೆನಿಮಿಷ ಸ್ತಬ್ಧವಾಗುತ್ತಿತ್ತು. ಮೌಸ್ ಓಡಾಡುತ್ತಿತ್ತು, ಆದರೆ ಯಾವ ಕಿಟಕಿಯೂ ತೆರೆಯುತ್ತಿರಲಿಲ್ಲ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಎಂದು ತೋರಿಸುತ್ತಿದ್ದರೂ ವರ್ಗಾವಣೆಯ ವೇಗ ಸೊನ್ನೆಗೆ ಹತ್ತಿರವಿರುತ್ತಿತ್ತು. ಸ್ಕ್ಯಾನ್‌ಗಳ ದೊಡ್ಡ ಫೋಲ್ಡರನ್ನು ನಕಲು ಮಾಡಲು ಹಾಕಿದರೆ ಮೊದಲು ಚುರುಕಾಗಿ ಹೊರಟು, ಒಂದೆರಡು ಜಿಬಿ ದಾಟುತ್ತಲೇ ವೇಗ ಕುಸಿಯುತ್ತಿತ್ತು. ಇವಲ್ಲದೆ ದೊಡ್ಡ ಕಡತಗಳನ್ನು ಓದುವ ವೇಗವೂ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಅಂಕಿಯ ಅರ್ಧದಷ್ಟೇ ಇತ್ತು. ಈ ಮೂರಕ್ಕೂ ಒಂದೇ ಕಾರಣ ಇರಬೇಕಾಗಿಲ್ಲ ಎಂಬ ಎಣಿಕೆಯಿಂದಲೇ ನಾನು ಹೊರಟೆ, ಕೊನೆಗೆ ಆದದ್ದೂ ಹಾಗೆಯೇ.

ಎಲ್ಲಕ್ಕೂ ಮೊದಲು ಕೆಲಸದ ಕಡತಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡಿದೆ. ಹಾರ್ಡ್ ಡಿಸ್ಕು ಕೆಡುವ ಮುನ್ನ ಸದ್ದು ಮಾಡಿ ಎಚ್ಚರಿಸುವುದುಂಟು, ಎಸ್‌ಎಸ್‌ಡಿಗೆ ಅಂಥ ಸದ್ದಿಲ್ಲ. ಆದ್ದರಿಂದ ಸಂಶಯ ಬಂದ ದಿನವೇ ಬ್ಯಾಕಪ್ ಆಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಳತೆಗೆ ಬಳಸಿದ್ದು ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಮತ್ತು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಎರಡು ಉಚಿತ ತಂತ್ರಾಂಶಗಳು. ಮೊದಲನೆಯದು ವೇಗವನ್ನು ಅಳೆಯುತ್ತದೆ, ಎರಡನೆಯದು ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡಿರುವ ಆರೋಗ್ಯದ ಲೆಕ್ಕವನ್ನು ತೋರಿಸುತ್ತದೆ. ಡಿಸ್ಕ್‌ಮಾರ್ಕ್ ತಾನಾಗಿ ಆರಿಸಿಕೊಳ್ಳುವ 1 ಜಿಬಿ ಪರೀಕ್ಷೆಯನ್ನಷ್ಟೇ ನಂಬಿದರೆ ಬರೆಯುವ ವೇಗ ಚೆನ್ನಾಗಿಯೇ ಕಾಣಬಹುದು, ಏಕೆಂದರೆ ಅಷ್ಟು ದತ್ತಾಂಶ ಎಸ್‌ಎಸ್‌ಡಿಯ ವೇಗದ ಕ್ಯಾಶೆಯೊಳಗೇ (ಬರೆಯುವುದನ್ನು ಮೊದಲು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ಹಿಡಿಸಿಬಿಡುತ್ತದೆ. ನಾನು ಅಳತೆಯನ್ನು 8 ಜಿಬಿಗೆ ಏರಿಸಿದಾಗ ಮಾತ್ರ ಬರೆಯುವ ವೇಗ ಸೆಕೆಂಡಿಗೆ 60 ಎಂಬಿಯ ಆಸುಪಾಸಿಗೆ ಇಳಿದದ್ದು ಕಂಡಿತು. ಓದುವ ವೇಗ 265ರ ಹತ್ತಿರ ನಿಂತಿತ್ತು.

ಆ 265 ಎಂಬ ಅಂಕಿಯೇ ಒಂದು ಸುಳಿವು. ಸಾಟಾದ ಎರಡನೆಯ ಆವೃತ್ತಿಯ ವೇಗ ಸೆಕೆಂಡಿಗೆ 3 ಗಿಗಾಬಿಟ್, ಮೂರನೆಯದರದು 6 ಗಿಗಾಬಿಟ್. ತಂತಿಯ ಮೇಲೆ ಪ್ರತಿ ಬೈಟಿಗೂ 10 ಬಿಟ್‌ಗಳನ್ನು ಕಳುಹಿಸುವುದರಿಂದ ಇವುಗಳ ಮೇಲ್ಮಿತಿ ಕ್ರಮವಾಗಿ 300 ಮತ್ತು 600 ಎಂಬಿ ಆಗುತ್ತದೆ. ಬಳಕೆಯಲ್ಲಿ ದಕ್ಕುವುದು ಸುಮಾರು 270 ಮತ್ತು 550. ಡಿಸ್ಕ್‌ಇನ್ಫೋ ತೆರೆದು ನೋಡಿದರೆ ಟ್ರಾನ್ಸ್‌ಫರ್ ಮೋಡ್ ಎಂಬಲ್ಲಿ ‘ಸಾಟಾ/300 | ಸಾಟಾ/600’ ಎಂದಿತ್ತು, ಅಂದರೆ ಡಿಸ್ಕಿಗೆ 600ರ ಶಕ್ತಿಯಿದ್ದರೂ ಸಂಪರ್ಕ ಸಿಕ್ಕಿರುವುದು 300ಕ್ಕೆ. ಬಿ75 ಚಿಪ್‌ಸೆಟ್‌ನಲ್ಲಿ 6 ಗಿಗಾಬಿಟ್‌ನ ಸಾಟಾ ಪೋರ್ಟ್ ಇರುವುದು ಒಂದೇ ಒಂದು, ಉಳಿದವೆಲ್ಲ 3ರವು. ಆ ಒಂದಕ್ಕೆ ಹಳೆಯ ಹಾರ್ಡ್ ಡಿಸ್ಕು ಸಿಕ್ಕಿಕೊಂಡಿತ್ತು, ಎಸ್‌ಎಸ್‌ಡಿ ಪಕ್ಕದ ಪೋರ್ಟಿನಲ್ಲಿತ್ತು. ಪೋರ್ಟುಗಳ ಬಣ್ಣವನ್ನು ನೋಡಿ ಊಹಿಸಲು ಹೋಗಬಾರದು, ಒಂದೊಂದು ಬೋರ್ಡಿನಲ್ಲಿ ಒಂದೊಂದು ಬಣ್ಣವಿರುತ್ತದೆ. ಬೋರ್ಡಿನ ಕೈಪಿಡಿಯನ್ನು ನೋಡಿಯೇ ಗುರುತಿಸಬೇಕು. ಅದೇ ಕಾಲದ ಎಚ್61 ಬೋರ್ಡುಗಳಲ್ಲಾದರೋ ಚಿಪ್‌ಸೆಟ್ ಕೊಡುವ ಪೋರ್ಟುಗಳೆಲ್ಲವೂ 3 ಗಿಗಾಬಿಟ್‌ನವು, ಹಾಗಾಗಿ ಅಂಥ ಯಂತ್ರದಲ್ಲಿ 270ರ ವೇಗ ದೋಷವೇ ಅಲ್ಲ.

ಸ್ತಬ್ಧವಾಗುವ ತೊಂದರೆ ಇದಕ್ಕಿಂತ ಗಂಭೀರವಾದುದು. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ದಾಖಲೆಯನ್ನು ತೆರೆದಾಗ, ಯಂತ್ರ ನಿಂತ ಹೊತ್ತಿಗೆ ಸರಿಯಾಗಿ 129ನೆಯ ಸಂಖ್ಯೆಯ ಎಚ್ಚರಿಕೆಗಳು ಸಾಲಾಗಿ ಕಂಡವು. ಡಿಸ್ಕಿನಿಂದ ಉತ್ತರ ಬಾರದ್ದರಿಂದ ಅದನ್ನು ರೀಸೆಟ್ ಮಾಡಲಾಯಿತು ಎಂಬುದು ಅವುಗಳ ತಾತ್ಪರ್ಯ. ಡಿಸ್ಕ್‌ಇನ್ಫೋದಲ್ಲಿ ಸಿ7 ಎಂಬ ಸಾಲಿನ ಸಿಆರ್‌ಸಿ ದೋಷಗಳ ಎಣಿಕೆಯೂ ಸೊನ್ನೆಯಾಗಿರಲಿಲ್ಲ. ಸಿಆರ್‌ಸಿ ಎಂಬುದು ಡಿಸ್ಕಿಗೂ ಬೋರ್ಡಿಗೂ ನಡುವೆ ಓಡಾಡುವ ದತ್ತಾಂಶ ದಾರಿಯಲ್ಲಿ ಕೆಟ್ಟಿತೇ ಎಂದು ನೋಡುವ ತಪಾಸಣೆ. ಆದ್ದರಿಂದ ಈ ಎಣಿಕೆ ಏರುತ್ತಿದ್ದರೆ ಮೊದಲು ಸಂಶಯಿಸಬೇಕಾದದ್ದು ಎಸ್‌ಎಸ್‌ಡಿಯ ಒಳಗಿನ ಚಿಪ್ಪುಗಳನ್ನಲ್ಲ, ಕೇಬಲನ್ನು. ಒಮ್ಮೆ ದಾಖಲಾದ ಎಣಿಕೆ ಮತ್ತೆ ಇಳಿಯುವುದಿಲ್ಲವಾದ್ದರಿಂದ ಅದು ಎಷ್ಟಿದೆ ಎನ್ನುವುದಕ್ಕಿಂತ, ಬರೆದಿಟ್ಟುಕೊಂಡು ನಾಳೆ ನೋಡಿದಾಗ ಹೆಚ್ಚಿದೆಯೇ ಎನ್ನುವುದು ಮುಖ್ಯ. ನನ್ನಲ್ಲಿ ಅದು ಹೆಚ್ಚುತ್ತಿತ್ತು.

ದೇವರಾಜ ಅರಸು ರಸ್ತೆಯಿಂದ ಲೋಹದ ಕ್ಲಿಪ್ ಇರುವ ಹೊಸ ಸಾಟಾ ಕೇಬಲ್ ತಂದು, ಮೊದಲು ಕೇಬಲನ್ನಷ್ಟೇ ಬದಲಿಸಿ, ಪೋರ್ಟನ್ನು ಹಾಗೆಯೇ ಬಿಟ್ಟು ಕೆಲವು ದಿನ ನೋಡಿದೆ. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಏನಾಯಿತೆಂದು ಎಂದೂ ತಿಳಿಯುತ್ತಿರಲಿಲ್ಲ. 129ರ ಎಚ್ಚರಿಕೆಗಳು ನಿಂತವು, ಸಿ7ರ ಎಣಿಕೆ ಇದ್ದಲ್ಲೇ ನಿಂತಿತು, ಓದುವ ವೇಗ ಮಾತ್ರ ಹಾಗೆಯೇ ಇತ್ತು. ಆಮೇಲೆ ಪೋರ್ಟ್ ಬದಲಿಸಿದೆ, ಓದುವ ವೇಗ 530ಕ್ಕೆ ಏರಿತು. ಕೇಬಲಿನಿಂದ ಗುಣ ಕಾಣದಿದ್ದರೆ ಪವರ್ ಆಪ್ಷನ್ಸ್‌ನಲ್ಲಿ ಸಾಟಾ ಸಂಪರ್ಕವನ್ನು ಉಳಿತಾಯದ ಸ್ಥಿತಿಗೆ ತಳ್ಳುವ ವ್ಯವಸ್ಥೆಯನ್ನು ನಿಲ್ಲಿಸಿ ನೋಡಬೇಕೆಂದಿದ್ದೆ. ಕೆಲವು ಎಸ್‌ಎಸ್‌ಡಿಗಳು ಆ ಸ್ಥಿತಿಯಿಂದ ಎಚ್ಚರಗೊಳ್ಳಲು ತಡವರಿಸುತ್ತವೆ. ಅದರ ಅಗತ್ಯ ಬೀಳಲಿಲ್ಲ.

ಉಳಿದದ್ದು ಬರೆಯುವ ವೇಗ. ಎಸ್‌ಎಸ್‌ಡಿಯ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆಯುವುದು ‘ಪುಟ’ ಎಂಬ ಸಣ್ಣ ತುಣುಕುಗಳ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳು ಸೇರಿದ ಬ್ಲಾಕುಗಳ ಲೆಕ್ಕದಲ್ಲಿ. ಬರೆದಿರುವ ಪುಟದ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಖಾಲಿ ಬ್ಲಾಕು ಸಿಗದಿದ್ದರೆ ಉಪಯುಕ್ತ ಪುಟಗಳನ್ನು ಬೇರೆಡೆಗೆ ಸಾಗಿಸಿ, ಬ್ಲಾಕನ್ನು ಅಳಿಸಿ, ಆಮೇಲೆ ಹೊಸದನ್ನು ಬರೆಯಬೇಕು. ಕಣದ ತುಂಬ ಭತ್ತ ಹರಡಿರುವಾಗ ಇನ್ನೊಂದು ಗಾಡಿ ಬಂದು ನಿಂತರೆ ಹೇಗೋ ಹಾಗೆ. ಇದರ ಜೊತೆಗೆ, ಒಂದು ಕೋಶದಲ್ಲಿ ಮೂರು ಬಿಟ್ ಹಿಡಿಸುವ ಟಿಎಲ್‌ಸಿ ಎಸ್‌ಎಸ್‌ಡಿಗಳು ತಮ್ಮ ಖಾಲಿ ಜಾಗದ ಒಂದು ಭಾಗದಲ್ಲಿ ಕೋಶಕ್ಕೆ ಒಂದೇ ಬಿಟ್ ಬರೆದು ಅದನ್ನು ವೇಗದ ಕ್ಯಾಶೆಯಾಗಿ ಬಳಸುತ್ತವೆ. ಬಹಳಷ್ಟು ಎಸ್‌ಎಸ್‌ಡಿಗಳಲ್ಲಿ ಡಿಸ್ಕು ತುಂಬಿದಂತೆಲ್ಲ ಈ ಕ್ಯಾಶೆ ಕುಗ್ಗುತ್ತದೆ. ನನ್ನದರಲ್ಲಿ ಉಳಿದಿದ್ದದ್ದು 11 ಜಿಬಿ ಮಾತ್ರ.

ಯಾವ ಕಡತಗಳು ಅಳಿಸಲ್ಪಟ್ಟಿವೆ ಎಂದು ಎಸ್‌ಎಸ್‌ಡಿಗೆ ತಾನಾಗಿ ತಿಳಿಯುವುದಿಲ್ಲ, ಟ್ರಿಮ್ ಎಂಬ ಆದೇಶದ ಮೂಲಕ ವಿಂಡೋಸ್ ತಿಳಿಸಬೇಕು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಫ್‌ಎಸ್‌ಯುಟಿಲ್ ಬಿಹೇವಿಯರ್ ಕ್ವೆರಿ ಡಿಸೇಬಲ್‌ಡಿಲೀಟ್‌ನೋಟಿಫೈ’ ಎಂದು ಕೇಳಿದಾಗ 0 ಬಂದರೆ ಟ್ರಿಮ್ ಚಾಲ್ತಿಯಲ್ಲಿದೆ ಎಂದರ್ಥ, 1 ಬಂದರೆ ಇಲ್ಲ. ನನ್ನಲ್ಲಿ 0 ಬಂದರೂ, ಟ್ರಿಮ್ ಅನ್ನು ನಿಗದಿತವಾಗಿ ನಡೆಸುವ ವಿಂಡೋಸ್‌ನ ಆಪ್ಟಿಮೈಜ್ ಡ್ರೈವ್ಸ್‌ನಲ್ಲಿ ವೇಳಾಪಟ್ಟಿ ಸ್ಥಗಿತವಾಗಿತ್ತು. ಅದನ್ನು ವಾರಕ್ಕೊಮ್ಮೆ ಎಂದು ಮತ್ತೆ ಹಚ್ಚಿದೆ. ಮುಗಿದ ಪುಸ್ತಕಗಳ ಸ್ಕ್ಯಾನ್‌ಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಸಾಗಿಸಿ ಸುಮಾರು ಕಾಲುಭಾಗ ಜಾಗ ಬಿಡಿಸಿದೆ, ಆಪ್ಟಿಮೈಜ್ ಒತ್ತಿದೆ, ಯಂತ್ರ ನಿದ್ರೆಗೆ ಜಾರದಂತೆ ಮಾಡಿ ರಾತ್ರಿಯಿಡೀ ಸುಮ್ಮನೆ ಚಾಲೂ ಬಿಟ್ಟೆ. ಈ ಬಿಡುವಿನ ಹೊತ್ತಿನಲ್ಲೇ ಎಸ್‌ಎಸ್‌ಡಿ ತನ್ನ ಬ್ಲಾಕುಗಳನ್ನು ಹಸನು ಮಾಡಿಕೊಳ್ಳುತ್ತದೆ. ಯಂತ್ರ ನಿದ್ರೆಯಲ್ಲಿದ್ದರೆ ಆ ಕೆಲಸ ನಡೆಯದು. ಮರುದಿನ ಅದೇ 8 ಜಿಬಿ ಪರೀಕ್ಷೆಯಲ್ಲಿ ಬರೆಯುವ ವೇಗ 400ಕ್ಕಿಂತ ಮೇಲಿತ್ತು.

ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಇದ್ದಂತೆಯೇ ಎಸ್‌ಎಸ್‌ಡಿಗೆ ನಕಲಿಸಿದ್ದರಿಂದ (ಕ್ಲೋನ್) ಪಾರ್ಟಿಶನ್, ಅಂದರೆ ಡಿಸ್ಕಿನ ವಿಭಾಗ, ಆರಂಭವಾಗುವ ಸ್ಥಾನವನ್ನೂ ನೋಡಿದೆ. ಬೈಟುಗಳ ಲೆಕ್ಕದಲ್ಲಿ ಅದು 4096ರಿಂದ ಶೇಷವಿಲ್ಲದೆ ಭಾಗವಾಗಬೇಕು, ಇಲ್ಲವಾದರೆ ವೇಗ ಕುಗ್ಗುತ್ತದೆ. ಎಕ್ಸ್‌ಪಿ ಕಾಲದ 32,256 ಆಗುವುದಿಲ್ಲ, ನನ್ನಲ್ಲಿದ್ದ 10,48,576 ಆಗುತ್ತದೆ.

ಮಂಡ್ಯದಲ್ಲಿರುವ ಅಕ್ಕನ ಮಗ ಇದನ್ನೆಲ್ಲ ಕೇಳಿ, “ಮಾವ, ನಂದು ಎಂ.2, ಅದ್ರಲ್ಲಿ ಕೇಬಲ್ಲೇ ಇಲ್ವಲ್ಲ, ಏನ್ ಬದಲಾಯಿಸೋದು?” ಎಂದ. ಬೋರ್ಡಿನ ಎಂ.2 ಸ್ಲಾಟಿಗೇ ನೇರವಾಗಿ ಕೂರುವ ಅವನ ಎನ್‌ವಿಎಂಇ ಡಿಸ್ಕಿನ (ಸಾಟಾಕ್ಕಿಂತ ವೇಗದ ಬಗೆ) ತೊಂದರೆ ಬೇರೆಯದೇ. ವಿಡಿಯೊ ಸಿದ್ಧಪಡಿಸುವಾಗ ಅದರ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ದಾಟಿದಾಗ ಡಿಸ್ಕು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ತಾರಸಿಯ ಕೆಳಗಿನ ಕೋಣೆ, ಗ್ರಾಫಿಕ್ಸ್ ಕಾರ್ಡಿಗೆ ಅಂಟಿಕೊಂಡ ಸ್ಲಾಟ್. ಥರ್ಮಲ್ ಪ್ಯಾಡ್ ಇಟ್ಟು ಸಣ್ಣ ಹೀಟ್‌ಸಿಂಕ್ ಕೂರಿಸಿ, ಮುಂಭಾಗಕ್ಕೆ ಒಂದು ಫ್ಯಾನ್ ಹಾಕಿಸಿದ ಮೇಲೆ ಅದು 65ರ ಒಳಗೇ ಉಳಿಯಿತು.

ಎಸ್‌ಎಸ್‌ಡಿಯೊಳಗೇ ಇರುವ ತಂತ್ರಾಂಶದ, ಅಂದರೆ ಫರ್ಮ್‌ವೇರ್‌ನ, ನವೀಕರಣಕ್ಕೆ ನಾನು ಕೈಹಾಕಲಿಲ್ಲ. ಬೇಸಿಗೆಯ ಗುಡುಗು ಮಳೆಯಲ್ಲಿ ಹೇಳದೆ ಕೇಳದೆ ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ ಅದನ್ನು ಮಾಡುವುದು ಅಪಾಯ, ನನ್ನ ತೊಂದರೆಗೆ ಅದು ಬೇಕಾಗಿಯೂ ಇರಲಿಲ್ಲ. ವೇಗ ಹೆಚ್ಚಿಸುತ್ತೇವೆನ್ನುವ ತಂತ್ರಾಂಶಗಳನ್ನೂ, ಚದುರಿದ ಕಡತಗಳನ್ನು ಒಂದೆಡೆ ಜೋಡಿಸಲು ಹಾರ್ಡ್ ಡಿಸ್ಕಿಗೆಂದೇ ಇರುವ ಡಿಫ್ರಾಗ್ ತಂತ್ರಾಂಶಗಳನ್ನೂ ಎಸ್‌ಎಸ್‌ಡಿಯ ಹತ್ತಿರ ತರಬಾರದು; ಅವು ಲಾಭವಿಲ್ಲದ ಬರವಣಿಗೆ ನಡೆಸಿ ಅದರ ಆಯುಸ್ಸನ್ನೇ ತಿನ್ನುತ್ತವೆ. ಈಗಲೂ ಆಗಾಗ ಡಿಸ್ಕ್‌ಇನ್ಫೋ ತೆರೆದು ನೋಡುತ್ತೇನೆ. ಸಿ7 ಮತ್ತೆ ಏರಿದರೆ ಇನ್ನೊಂದು ಕೇಬಲ್. ಆದರೆ ಕೆಟ್ಟ ಬ್ಲಾಕುಗಳ ಬದಲಿಗೆ ಬೇರೆಯವನ್ನು ಬಳಸಿದ ಎಣಿಕೆಯಾಗಲಿ, ಸರಿಪಡಿಸಲಾಗದ ಓದುವ ದೋಷಗಳ ಎಣಿಕೆಯಾಗಲಿ ಏರತೊಡಗಿದರೆ ಅದು ಚಿಪ್ಪುಗಳೇ ಸೋಲುತ್ತಿರುವ ಲಕ್ಷಣ, ಆಗ ವೇಗ ಎಷ್ಟೇ ಚೆನ್ನಾಗಿದ್ದರೂ ಹೊಸ ಎಸ್‌ಎಸ್‌ಡಿ ಕೊಳ್ಳುತ್ತೇನೆ.