ಬೀಳೋ ಕಡೆಗೇ ಜಾಗ: ಮನೇನೂ ಮೇಜನ್ನೂ ನಾನು ಹೇಗೆ ಒಪ್ಪವಾಗಿ ಇಟ್ಕೊಂಡಿದೀನಿ

ನಾನು ಮನೇಲೇ ಕೂತು ಕೆಲಸ ಮಾಡೋಳು. ಅರ್ಧ ಕಂಪ್ಯೂಟರ್ ಕೆಲಸ, ಇನ್ನರ್ಧ ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಾಮಾನು ಬಿಚ್ಚಿ ರಿಪೇರಿ ಮಾಡೋದು, ಹಾಗಾಗಿ ನನ್ನ ಮೇಜಿನ ಮೇಲೆ ಒಂದೇ ಹೊತ್ತಿಗೆ ಲ್ಯಾಪ್‌ಟಾಪೂ ಇರತ್ತೆ, ಸೋಲ್ಡರಿಂಗ್ ಐರನ್ನೂ ಇರತ್ತೆ, ಯಾವುದೋ ಬಿಲ್ಲೂ ಇರತ್ತೆ. ಆದ್ರೂ ಬೇಕಾದ್ದು ಬೇಕಾದಾಗ ಕೈಗೆ ಸಿಗತ್ತೆ, ಯಾರಾದ್ರೂ ಬಂದ್ರೆ ಗಡಿಬಿಡೀಲಿ ಬಾಗಿಲ ಹಿಂದೆ ಏನೂ ತುರುಕಬೇಕಾಗಲ್ಲ. ಹೇಗೆ ಮಾಡ್ತೀಯ ಅಂತ ಕೇಳ್ತಾನೇ ಇರ್ತಾರೆ, ಬಿಡಿಬಿಡಿಯಾಗಿ ಹೇಳಿ ಸಾಕಾಯ್ತು, ಒಂದ್ಕಡೆ ಬರೆದುಬಿಡೋಣ ಅಂತ.

ನಾನು ಶುರು ಮಾಡಿದ್ದು ಎತ್ತಿಡೋದ್ರಿಂದ ಅಲ್ಲ, ಬಾಕ್ಸ್ ತರೋದ್ರಿಂದಾನೂ ಅಲ್ಲ. ಕೆಲವು ವಾರ ಏನೂ ಮುಟ್ಟದೆ ಬರೀ ನೋಡ್ದೆ, ಯಾವ ವಸ್ತು ಎಲ್ಲಿ ಬೀಳತ್ತೆ ಅಂತ. ಕೀ ಎಲ್ಲಿ ಬೀಳತ್ತೆ, ಬ್ಯಾಗ್ ಎಲ್ಲಿ ಬೀಳತ್ತೆ, ಕನ್ನಡಕ ಎಲ್ಲಿ ಬೀಳತ್ತೆ, ಸ್ಕ್ರೂಡ್ರೈವರ್ ಕೆಲಸ ಮುಗಿದ್ಮೇಲೆ ಎಲ್ಲಿ ಕೂರತ್ತೆ. ನೋಡ್ತಾ ಹೋದ್ರೆ ಗೊತ್ತಾಗತ್ತೆ, ಚೆಲ್ಲಾಪಿಲ್ಲಿ ಅಂತ ನಾವು ಅನ್ನೋದ್ರಲ್ಲೂ ಒಂದು ಕ್ರಮ ಇರತ್ತೆ. ಒಂದೇ ವಸ್ತು ಹೆಚ್ಚೂಕಮ್ಮಿ ಒಂದೇ ಕಡೆ ಬೀಳತ್ತೆ, ಯಾಕಂದ್ರೆ ನಾವು ನಡೆಯೋ ದಾರಿ ಒಂದೇ, ಕೈ ಖಾಲಿ ಮಾಡ್ಕೊಳೋ ಹೊತ್ತೂ ಒಂದೇ. ಸರಿ, ಹಾಗಾದ್ರೆ ವಸ್ತುನ ದಿನಾ ಬೇರೆ ಕಡೆ ಹೊತ್ಕೊಂಡು ಹೋಗೋ ಬದಲು ಅದರ ಜಾಗಾನೇ ಅಲ್ಲಿಗೆ ತಂದ್ರಾಯ್ತಲ್ಲ.

ಉದಾಹರಣೆಗೆ ಕುರ್ಚಿ. ಎಲ್ಲರ ಮನೇಲೂ ಒಂದು ಕುರ್ಚಿ ಇರತ್ತೆ, ಅದರ ಮೇಲೆ ಯಾರೂ ಕೂರಲ್ಲ, ಬಟ್ಟೆ ಕೂರತ್ತೆ. ಆ ಬಟ್ಟೆ ಯಾವುದು ಅಂತ ನೋಡಿ, ಪೂರ್ತಿ ಕೊಳೆ ಆಗಿರಲ್ಲ, ಪೂರ್ತಿ ಶುಭ್ರಾನೂ ಅಲ್ಲ, ಒಂದ್ಸಲ ಹಾಕಿದ್ದು, ಇನ್ನೊಂದ್ಸಲ ಹಾಕಬಹುದಾದ್ದು. ಬೀರು ಇರೋದು ಒಗೆದ ಬಟ್ಟೆಗೆ, ಬುಟ್ಟಿ ಇರೋದು ಒಗೆಯೋ ಬಟ್ಟೆಗೆ, ಈ ಮಧ್ಯದ ಬಟ್ಟೆಗೆ ಮನೇಲಿ ಜಾಗಾನೇ ಇಲ್ಲ, ಹಾಗಾಗಿ ಅದು ಕುರ್ಚಿ ಹಿಡ್ಕೊಂಡಿದೆ. ಬಯ್ದು ಏನು ಪ್ರಯೋಜನ? ಕುರ್ಚಿ ಪಕ್ಕದ ಗೋಡೆಗೇ, ಕೈ ಎತ್ತಿದ್ರೆ ಸಿಗೋ ಎತ್ತರಕ್ಕೆ ಒಂದು ಸಾಲು ಹುಕ್ ಹೊಡೆಸಿದೆ, ಆ ಥರದ ಬಟ್ಟೆಗೆ ಅಂತಾನೇ. ಕುರ್ಚಿ ಖಾಲಿ ಆಯ್ತು. ಹುಕ್ ಸಾಲು ತುಂಬಿದ್ರೆ ಹಳೇದು ಒಗೆಯೋಕೆ ಹೋಗತ್ತೆ, ಲೆಕ್ಕ ತಾನಾಗೇ ಆಗತ್ತೆ.

ಇದರಿಂದ ನಂಗೆ ಸಿಕ್ಕಿದ ಇನ್ನೊಂದು ವಿಷಯ, ತೆಗೆಯೋದು ಸ್ವಲ್ಪ ಕಷ್ಟ ಆದ್ರೂ ಪರವಾಗಿಲ್ಲ, ವಾಪಸ್ ಇಡೋದು ಮಾತ್ರ ಒಂದೇ ಕೈಯಲ್ಲಿ ಆಗಬೇಕು. ತೆಗೆಯುವಾಗ ಆ ವಸ್ತು ಬೇಕಾಗಿರತ್ತೆ, ಸ್ಟೂಲ್ ಹತ್ತಿಯಾದ್ರೂ ತೆಗೀತೀವಿ. ಇಡುವಾಗ ಕೆಲಸ ಮುಗಿದಿರತ್ತೆ, ಮನಸ್ಸು ಆಗ್ಲೇ ಮುಂದಿನ ಕೆಲಸಕ್ಕೆ ಹೋಗಿರತ್ತೆ, ಆಗ ಮೇಲಿನ ಬಾಕ್ಸ್ ಎತ್ತು, ಕೆಳಗಿನ ಬಾಕ್ಸ್ ಎಳಿ, ಮುಚ್ಚಳ ತೆಗಿ, ಒಳಗೆ ಜೋಡಿಸು ಅಂದ್ರೆ ಯಾರು ಮಾಡ್ತಾರೆ, ಮುಚ್ಚಳದ ಮೇಲೇ ಇಟ್ಟು ಹೋಗ್ತಾರೆ. ನಮ್ಮನೇಲಿ ದಿನಾ ಬಳಸೋ ಯಾವುದಕ್ಕೂ ಮುಚ್ಚಳ ಇಲ್ಲ, ಒಂದರ ಮೇಲೊಂದು ಪೇರಿಸಿರೋ ಬಾಕ್ಸೂ ಇಲ್ಲ. ಮುಚ್ಚಳ ಇರೋದೆಲ್ಲ ಅಟ್ಟದ ಮೇಲೆ, ವರ್ಷಕ್ಕೊಂದ್ಸಲ ಬೇಕಾಗೋ ಸಾಮಾನಿಗೆ. ಫೋಟೋದಲ್ಲಿ ಚಂದ ಕಾಣೋ ಒಂದೇ ಅಳತೆಯ ಡಬ್ಬಿ ಸಾಲುಗಳ ಬಗ್ಗೆ ನಂಗೇನೂ ಗೌರವ ಇಲ್ಲ, ಅದು ನೋಡೋಕೆ ಮಾತ್ರ.

ಟೂಲ್ಸ್ ವಿಷಯಕ್ಕೆ ಬಂದ್ರೆ ಫ್ಯಾಕ್ಟರಿಯವರು ಇದನ್ನೆಲ್ಲ ಯಾವಾಗ್ಲೋ ಯೋಚನೆ ಮಾಡಿಟ್ಟಿದಾರೆ. ಜಪಾನಿನ ಕಾರ್ಖಾನೆಗಳಿಂದ ಬಂದ 5ಎಸ್ ಅಂತ ಒಂದು ಪದ್ಧತಿ ಇದೆ, ಸೇರಿ, ಸೇಟೋನ್, ಸೇಸೋ, ಸೇಕೆತ್ಸು, ಶಿತ್ಸುಕೆ ಅಂತ ಐದು ಹಂತ, ಅಂದ್ರೆ ಬೇಡದ್ದು ತೆಗಿ, ಉಳಿದಿದ್ದಕ್ಕೆ ಜಾಗ ಮಾಡು, ಶುಚಿ ಮಾಡು, ಅದನ್ನೇ ಪದ್ಧತಿ ಮಾಡು, ಬಿಡದೆ ನಡೆಸು. ಐದೂ ಪಾಲಿಸೋಕೆ ನಾನೇನು ಫ್ಯಾಕ್ಟರಿ ನಡೆಸ್ತಿಲ್ಲ, ಅದರಿಂದ ಎರಡು ಉಪಾಯ ಕದ್ದಿದೀನಿ ಅಷ್ಟೇ. ಒಂದು, ಶ್ಯಾಡೋ ಬೋರ್ಡ್. ಗೋಡೆ ಮೇಲೆ ಒಂದು ಹಲಗೆ, ಕಟರ್, ಪ್ಲೈಯರ್, ಟ್ವೀಜರ್ ಎಲ್ಲ ಅದಕ್ಕೆ ನೇತುಹಾಕಿ ಪ್ರತಿಯೊಂದರ ಸುತ್ತ ಮಾರ್ಕರಲ್ಲಿ ಗೆರೆ ಎಳೆದಿದೀನಿ. ಸಂಜೆ ಎದ್ದೇಳುವಾಗ ಹಲಗೆ ಕಡೆ ಒಮ್ಮೆ ನೋಡಿದ್ರೆ ಸಾಕು, ಪ್ಲೈಯರ್ ಆಕಾರದ ಗೆರೆ ಖಾಲಿ ಇದ್ರೆ ಪ್ಲೈಯರ್ ಎಲ್ಲೋ ಉಳ್ಕೊಂಡಿದೆ ಅಂತ. ಡ್ರಾಯರಲ್ಲಿ ಹಾಕಿದ್ರೆ ಕಳೆದಿರೋದು ಗೊತ್ತಾಗೋದು ಅದು ಬೇಕಾದಾಗ ಮಾತ್ರ.

ಎರಡನೇದು ರೆಡ್ ಟ್ಯಾಗ್. ಇದು ಬೇಕೋ ಬೇಡ್ವೋ ಅಂತ ಹೊಯ್ದಾಡೋ ಸಾಮಾನಿಗೆ ಫ್ಯಾಕ್ಟರೀಲಿ ಕೆಂಪು ಚೀಟಿ ಅಂಟಿಸಿ, ತಾರೀಕು ಬರೆದು ಬೇರೆ ಜಾಗಕ್ಕೆ ಹಾಕ್ತಾರೆ, ಗಡುವಿನೊಳಗೆ ಯಾರೂ ಕೇಳಲಿಲ್ಲ ಅಂದ್ರೆ ಸಾಗಹಾಕೋದು. ಮನೇಲಿ ಇದು ತುಂಬಾ ಕೆಲಸಕ್ಕೆ ಬರತ್ತೆ, ಯಾಕಂದ್ರೆ ಬಿಸಾಕೋಕೆ ಸಂಕಟ ಆಗೋದು ಆ ಕ್ಷಣದಲ್ಲಿ. ಪೆಟ್ಟಿಗೇಲಿ ಹಾಕಿ ಆರು ತಿಂಗಳ ಮುಂದಿನ ತಾರೀಕು ಬರೆದುಬಿಟ್ರೆ ಇವತ್ತು ಏನೂ ತೀರ್ಮಾನ ಮಾಡಬೇಕಾಗಿಲ್ಲ, ನೆಮ್ಮದಿ. ತಾರೀಕು ಬಂದಾಗ ಪೆಟ್ಟಿಗೆ ತೆರೆಯೋಕೆ ಮೊದ್ಲು ಒಳಗೇನಿದೆ ಹೇಳು ನೋಡೋಣ ಅಂತ ನಮ್ಮನೆಯವರು ತಮಾಷೆ ಮಾಡ್ತಾರೆ, ಹೆಚ್ಚಿನ ಸಲ ನಂಗೆ ಒಂದೂ ನೆನಪಿರಲ್ಲ. ಕೊಡೋದು ಕೊಟ್ಟುಬಿಡೋದು. ಹಳೇ ಬ್ಯಾಟರಿ, ಕೆಟ್ಟ ಫೋನು ಮಾತ್ರ ಮಾಮೂಲಿ ಕಸಕ್ಕೆ ಹಾಕಬೇಡಿ, ಲಿಥಿಯಂ ಬ್ಯಾಟರಿ ಜಜ್ಜಿ ಹೋದ್ರೆ ಬೆಂಕಿ ಹತ್ತಿಕೊಳತ್ತೆ, ಇ-ವೇಸ್ಟ್ ತಗೊಳೋರಿಗೇ ಕೊಡಿ.

ಕಾಗದ ಪತ್ರ ಬೇರೆಯದೇ ತಲೆನೋವು. ವಿಷಯವಾರು ಫೈಲ್ ಮಾಡೋದು ಓದೋಕೆ ಚಂದ, ಮಾಡೋಕೆ ಹೋದ್ರೆ ಪ್ರತಿ ಕಾಗದಕ್ಕೂ ಇದು ಯಾವ ಫೈಲಿಗೆ ಸೇರತ್ತೆ ಅಂತ ಒಂದು ತೀರ್ಮಾನ, ವಾರಂಟಿ ಕಾರ್ಡು ಮನೆ ಫೈಲಿಗೋ ಕೆಲಸದ ಫೈಲಿಗೋ, ಅಲ್ಲೇ ಕೈ ನಿಂತುಬಿಡತ್ತೆ. ಜಪಾನಿನ ಅರ್ಥಶಾಸ್ತ್ರಜ್ಞ ಯುಕಿಯೋ ನೊಗುಚಿ 1990ರ ದಶಕದಲ್ಲಿ ಒಂದು ಉಪಾಯ ಹೇಳಿದ್ರು, ವಿಂಗಡಣೆಯನ್ನೇ ಕೈಬಿಡಿ ಅಂತ. ದೊಡ್ಡ ಕವರಲ್ಲಿ ಕಾಗದ ಹಾಕಿ, ಅಂಚಿನ ಮೇಲೆ ಹೆಸರು, ತಾರೀಕು ಬರೆದು, ಶೆಲ್ಫಲ್ಲಿ ಎಡಗಡೆಗೆ ಇಡೋದು. ಯಾವ ಕವರ್ ತೆಗೆದು ನೋಡಿದ್ರೂ ವಾಪಸ್ ಇಡುವಾಗ ಮತ್ತೆ ಎಡಗಡೆ ತುದಿಗೇ. ಬಳಸೋದು ಎಡಕ್ಕೆ ಬರ್ತಾ ಹೋಗತ್ತೆ, ಬಳಸದ್ದು ಬಲಕ್ಕೆ ಸರೀತಾ ಹೋಗತ್ತೆ, ಜಾಗ ಸಾಲದೇ ಹೋದ್ರೆ ಬಲತುದಿಯಿಂದ ಶುರು ಮಾಡಿ ನೋಡಿದ್ರಾಯ್ತು. ಸೋಮಾರಿಗಳ ಉಪಾಯ ಅನ್ಸತ್ತೆ ಅಲ್ವಾ, ಆದ್ರೆ ಕಂಪ್ಯೂಟರ್ ಸೈನ್ಸಲ್ಲಿ ಇದಕ್ಕೆ ಗಟ್ಟಿ ಆಧಾರ ಇದೆ. ಬಳಸಿದ್ದನ್ನ ಪಟ್ಟಿಯ ಮುಂದಕ್ಕೆ ತಂದಿಡೋ ಈ ಕ್ರಮದ ಬಗ್ಗೆ ಡೇನಿಯಲ್ ಸ್ಲೀಟರ್ ಮತ್ತು ರಾಬರ್ಟ್ ಟಾರ್ಜನ್ 1985ರಲ್ಲಿ ಸಾಬೀತು ಮಾಡಿದ್ದು ಏನಂದ್ರೆ, ಮುಂದೆ ಯಾವುದು ಬೇಕಾಗತ್ತೆ ಅಂತ ಮೊದ್ಲೇ ಗೊತ್ತಿದ್ದು ಜೋಡಿಸೋನು ಹುಡುಕೋಕೆ ಪಡೋ ಶ್ರಮಕ್ಕೆ ಹೋಲಿಸಿದ್ರೂ ಇದರಲ್ಲಿ ಪಡೋ ಶ್ರಮ ಹೆಚ್ಚೂಕಮ್ಮಿ ಎರಡು ಪಟ್ಟು ದಾಟಲ್ಲ. ಅಷ್ಟು ಸಾಕು ನಂಗೆ.

ಬಿಲ್ ಮಾತ್ರ ಕವರಿಗೆ ಹಾಕಿ ಮರೀಬೇಡಿ. ನುಣುಪು ಕಾಗದದ ಬಿಲ್ಲುಗಳು ಹೆಚ್ಚಾಗಿ ಥರ್ಮಲ್ ಪೇಪರು, ಅದರಲ್ಲಿ ಇಂಕೇ ಇಲ್ಲ, ಬಿಸಿ ತಾಗಿ ಲೇಪ ಕಪ್ಪಾಗಿರತ್ತೆ ಅಷ್ಟೇ. ಬಿಸಿಲು, ಸೆಖೆ, ಕೆಲವು ಪ್ಲಾಸ್ಟಿಕ್ ಕವರು ಇವೆಲ್ಲ ಅದನ್ನ ಮಾಸಿಸ್ತವೆ, ವಾರಂಟಿ ಮುಗಿಯೋಕೆ ಮೊದ್ಲೇ ಬಿಲ್ ಬಿಳೀ ಹಾಳೆ. ಹಾಗಾಗಿ ಬಂದ ದಿನಾನೇ ಫೋಟೋ ತೆಗೆದು, ಫೈಲ್ ಹೆಸರಲ್ಲಿ ಮೊದ್ಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಹಾಕ್ತೀನಿ, 2024-03-15 ಹೀಗೆ. ಐಎಸ್‌ಓ 8601 ಅಂತ 1988ರಲ್ಲೇ ಬಂದ ಅಂತಾರಾಷ್ಟ್ರೀಯ ಮಾನದಂಡದ ರೀತಿ ಇದು, ಲಾಭ ಏನಂದ್ರೆ ಹೆಸರಿನ ಪ್ರಕಾರ ಜೋಡಿಸಿದ್ರೆ ತಾರೀಕಿನ ಪ್ರಕಾರಾನೂ ಜೋಡಣೆ ಆಗಿರತ್ತೆ. ದಿನ ಮೊದ್ಲು ಬರೆದ್ರೆ ಎಲ್ಲಾ ತಿಂಗಳ 1ನೇ ತಾರೀಕುಗಳು ಒಂದೇ ಕಡೆ ಗುಂಪು ಕೂರ್ತವೆ.

ವೈರು, ಚಾರ್ಜರು. ಅಡಾಪ್ಟರ್ ಮನೆಗೆ ಬಂದ ಕೂಡ್ಲೇ ಅದರ ಮೇಲೆ ಯಾವ ಸಾಮಾನಿಂದು ಅಂತ ಬರೆದು ಅಂಟಿಸಿ, ಇದೊಂದು ಮಾಡಿ ಸಾಕು. ಗುಂಡನೆ ಪಿನ್ ಇರೋ ಅಡಾಪ್ಟರ್‌ಗಳು ನೋಡೋಕೆ ಒಂದೇ ಥರ ಇರ್ತವೆ, ಒಂದು 5 ವೋಲ್ಟು, ಇನ್ನೊಂದು 12, ಮತ್ತೊಂದು 19. ರೂಟರ್‌ಗೆ ತಪ್ಪು ಅಡಾಪ್ಟರ್ ಹಾಕಿ ಸುಟ್ಟು ನನ್ನ ಹತ್ರ ರಿಪೇರಿಗೆ ತರೋರು ಇದ್ದೇ ಇರ್ತಾರೆ, ಮುಕ್ಕಾಲು ಪಾಲು ಅದು ವೈರ್ ರಾಶಿಯಿಂದ ಕೈಗೆ ಸಿಕ್ಕಿದ್ದು ಎಳೆದಿದ್ದರ ಫಲ. ಮೇಜಿನ ಕೆಳಗೆ ಎಕ್ಸ್‌ಟೆನ್ಷನ್ ಬೋರ್ಡನ್ನ ಸ್ಕ್ರೂ ಹಾಕಿ ನಿಲ್ಲಿಸಿದೀನಿ, ವೈರುಗಳಿಗೆ ವೆಲ್‌ಕ್ರೋ ಪಟ್ಟಿ. ಚಂದಕ್ಕೆ ಅಂತ ಅಡಾಪ್ಟರ್‌ಗಳನ್ನ ಬಟ್ಟೆ ಮುಚ್ಚಿ ಡಬ್ಬೀಲಿ ತುರುಕೋದು ಬೇಡ, ಅವಕ್ಕೆ ಗಾಳಿ ಆಡಬೇಕು, ಬಿಸಿ ಆಗ್ತವೆ.

ಗುಡಿಸೋದು ಒರೆಸೋದ್ರ ಬಗ್ಗೆ ಹೆಚ್ಚು ಹೇಳೋಕಿಲ್ಲ. ಮೇಲಿಂದ ಕೆಳಗೆ, ಒಣಗಿದ್ದು ಮೊದ್ಲು ಒದ್ದೆ ಆಮೇಲೆ, ಫ್ಯಾನ್ ಒರೆಸೋದು ನೆಲ ಒರೆಸಿದ್ಮೇಲೆ ಅಲ್ಲ. ಆದ್ರೆ ಬಾಟಲಿಗಳನ್ನ ಒಪ್ಪ ಮಾಡುವಾಗ ಒಂದು ಎಚ್ಚರ, ಕ್ಲೀನಿಂಗ್ ಸಾಮಾನೆಲ್ಲ ಒಂದೇ ಬುಟ್ಟೀಲಿ ಅಂತ ಬ್ಲೀಚನ್ನೂ ಟಾಯ್ಲೆಟ್ ಕ್ಲೀನರನ್ನೂ ಜೊತೆಗೆ ಇಡಬೇಡಿ. ಆಸಿಡ್ ಇರೋ ಕ್ಲೀನರ್ ಬ್ಲೀಚ್ ಜೊತೆ ಸೇರಿದ್ರೆ ಕ್ಲೋರಿನ್ ಅನಿಲ ಬರತ್ತೆ, ಅಮೋನಿಯಾ ಸೇರಿದ್ರೆ ಕ್ಲೋರಮೈನ್, ಎರಡೂ ಶ್ವಾಸಕ್ಕೆ ವಿಷ.

ಕೊಳಕು ಮೇಜಿದ್ರೇ ತಲೆ ಓಡತ್ತೆ ಅನ್ನೋರೂ ಇದಾರೆ. ಅವರೂ ಪೂರ್ತಿ ಸುಳ್ಳು ಹೇಳ್ತಿಲ್ಲ, ಸಂಶೋಧಕಿ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು 2013ರಲ್ಲಿ ಮಾಡಿದ ಪ್ರಯೋಗದಲ್ಲಿ ಅಸ್ತವ್ಯಸ್ತ ಕೋಣೇಲಿ ಕೂತೋರು ಪಿಂಗ್‌ಪಾಂಗ್ ಚೆಂಡಿಗೆ ಹೆಚ್ಚು ಹೊಸಾ ಬಳಕೆಗಳನ್ನ ಯೋಚಿಸಿದ್ರು. ಅದು ಹೊಸದು ಯೋಚಿಸೋ ಕೆಲಸ. ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂ ಮೇಜಿನ ಮೇಲೆ ಬಿದ್ದಾಗ ಹುಡುಕೋದು ಬೇರೆ ಕೆಲಸ, ಅದಕ್ಕೆ ಖಾಲಿ ಮೇಜೇ ಬೇಕು. ಹಾಗಾಗಿ ನನ್ನ ಮೇಜು ಎರಡು ಭಾಗ, ಎಡಗಡೆ ಕಂಪ್ಯೂಟರು, ಟಿಪ್ಪಣಿ ಹಾಳೆ, ಅಲ್ಲಿ ಹರವಿಕೊಂಡಿದ್ರೂ ಯಾರೂ ಕೇಳೋ ಹಾಗಿಲ್ಲ. ಬಲಗಡೆ ಅಂಚು ಎತ್ತಿರೋ ಬಿಳೀ ಟ್ರೇ, ಒಂದ್ಸಲಕ್ಕೆ ಒಂದೇ ರಿಪೇರಿ, ಅದು ಮುಗಿಯದೆ ನಿಂತ್ರೆ ಟ್ರೇ ಸಮೇತ ಎತ್ತಿ ಶೆಲ್ಫಿಗೆ, ಇನ್ನೊಂದು ಟ್ರೇ ಮೇಜಿಗೆ. ಬಿಚ್ಚಿದ ಸ್ಕ್ರೂಗಳನ್ನ ಬಿಚ್ಚಿದ ಕ್ರಮದಲ್ಲೇ ಒಂದು ಡಬಲ್ ಟೇಪಿಗೆ ಅಂಟಿಸಿಟ್ಟಿರ್ತೀನಿ, ತಿಂಗಳು ಬಿಟ್ಟು ತೆಗೆದ್ರೂ ಯಾವುದು ಎಲ್ಲಿಗೆ ಅಂತ ಕಾಣತ್ತೆ.

ಮನೇಲಿ ಬೇರೆಯವರ ಸಾಮಾನು ನಾನು ಜೋಡಿಸಲ್ಲ, ಅವರದ್ದು ಎಲ್ಲಿ ಬೀಳತ್ತೋ ಅಲ್ಲಿ ಒಂದು ಬುಟ್ಟಿ ಇಡ್ತೀನಿ, ಅಷ್ಟೇ. ನಮ್ಮನೆಯವರ ಕನ್ನಡಕ, ಪೆನ್ನು, ಕಿವಿಗೆ ಹಾಕೋ ಇಯರ್‌ಫೋನು ಎಲ್ಲ ಸೋಫಾದ ಬಲತೋಳಿನ ಹತ್ರಾನೇ ಬೀಳೋದು, ಅಲ್ಲೇ ಒಂದು ಚಿಕ್ಕ ಬುಟ್ಟಿ ಕಟ್ಟಿದೀನಿ. ಬುಟ್ಟಿ ಒಳಗೆ ಏನೇನಿದೆ ಅಂತ ನಾನು ನೋಡೋಕೆ ಹೋಗಲ್ಲ.