ಡಿಪಿಎಸ್ ಹೋಲಿಸುವ ಮೊದಲು ಸಮಯದ ಲೆಕ್ಕ ನೋಡಿ
ನಮ್ಮ ಶಿವಮೊಗ್ಗ ಬಳಗದ ಗೆಳೆಯರು ಆನ್‌ಲೈನ್ ಆಟವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ರೇಡ್ (ತಂಡವಾಗಿ ದೊಡ್ಡ ಶತ್ರುಗಳನ್ನು ಎದುರಿಸುವ ಹೋರಾಟ) ಮುಗಿದೊಡನೆ ಪ್ರತಿಯೊಬ್ಬರ ಹೊಡೆತ ಅಳೆಯುವ ಮೀಟರಿನ ಅಂಕಿಗಳನ್ನು ಹೋಲಿಸಿ ಬೇಸರಪಡುವುದನ್ನು ನೋಡಿ ಈ ಸಲಹೆ ಬರೆಯುತ್ತಿದ್ದೇನೆ. ಡಿಪಿಎಸ್ (ಡ್ಯಾಮೇಜ್ ಪರ್ ಸೆಕೆಂಡ್) ಎಂದರೆ ಶತ್ರುವಿಗೆ ಮಾಡಿದ ಒಟ್ಟು ಹಾನಿಯನ್ನು, ಅಂದರೆ ಡ್ಯಾಮೇಜನ್ನು, ಸೆಕೆಂಡುಗಳಿಂದ ಭಾಗಿಸಿದಾಗ ಬರುವ ಸಂಖ್ಯೆ. ಆದರೆ ಯಾವ ಸೆಕೆಂಡುಗಳು ಎಂಬುದೇ ಇಲ್ಲಿ ಮುಖ್ಯ. 300 ಸೆಕೆಂಡಿನ ಹೋರಾಟದಲ್ಲಿ ಒಬ್ಬರು 4,00,000 ಡ್ಯಾಮೇಜ್ ಮಾಡಿ 200ನೇ ಸೆಕೆಂಡಿಗೆ ಸತ್ತರೆ, ಸಕ್ರಿಯ ಸಮಯದ (ಬದುಕಿದ್ದು ಹೋರಾಡಿದ ಸಮಯದ) ಲೆಕ್ಕದಲ್ಲಿ ಅವರ ಡಿಪಿಎಸ್ 2,000 ಎಂದೂ, ಪೂರ್ಣ ಹೋರಾಟದ ಲೆಕ್ಕದಲ್ಲಿ ಸುಮಾರು 1,333 ಎಂದೂ ಬರುತ್ತದೆ. ತಂಡಕ್ಕೆ ನಿಜವಾಗಿ ದಕ್ಕಿದ್ದು ಎರಡನೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಣ್ಣ ಶತ್ರುಗಳ ಗುಂಪಿನ ಮೇಲೆ ಒಟ್ಟಿಗೆ ಬೀಳುವ ಏಟುಗಳು ಮೊತ್ತವನ್ನು ಉಬ್ಬಿಸುವುದರಿಂದ, ಬಾಸ್ (ಮುಖ್ಯ ಶತ್ರು) ಮೇಲಿನ ಡ್ಯಾಮೇಜನ್ನು ಪ್ರತ್ಯೇಕವಾಗಿ ನೋಡಿ. ತೀರ್ಥಹಳ್ಳಿ, ಆಗುಂಬೆ ಕಡೆಯವರು ಮಳೆಗಾಲದಲ್ಲಿ ಕರೆಂಟ್ ಹೋಗಿ ನಡುವೆಯೇ ಸಂಪರ್ಕ ಕಡಿದ ಹೋರಾಟಗಳನ್ನು ಹೋಲಿಕೆಯಿಂದ ದಯವಿಟ್ಟು ಕೈಬಿಡಿ. ಅದು ನಿಮ್ಮ ಆಟದ ಅಳತೆಯಲ್ಲ. ರೇಡ್ ಆರಂಭಿಸುವ ಮುನ್ನ ಚಾಟ್‌ನಲ್ಲಿ ಓರೆಗೆರೆ ಹಾಕಿ ಕಾಂಬ್ಯಾಟ್‌ಲಾಗ್ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ (/combatlog) ಕೊಟ್ಟರೆ, ಆಟದ ಲಾಗ್ಸ್ ಫೋಲ್ಡರಿನಲ್ಲಿ ಪ್ರತಿ ಏಟಿನ ದಾಖಲೆ ಉಳಿಯುತ್ತದೆ. ಅದೇ ಆದೇಶವನ್ನು ಮತ್ತೊಮ್ಮೆ ಕೊಟ್ಟರೆ ದಾಖಲಾತಿ ನಿಲ್ಲುತ್ತದೆ.