1948ಕ್ಕೆ ಗೆರೆ ಎಳೆಯಿರಿ: ಮೆಗೀ ರೋಡ್‌ಸ್ಟರ್ ಜಾಡಿನಲ್ಲಿ ಹಾಟ್ ರಾಡ್ ಕಟ್ಟುವ ಬಗೆ

ಅಮೆರಿಕದ ‘ಹಾಟ್ ರಾಡ್’ ಪತ್ರಿಕೆ ಆರಂಭವಾದದ್ದು 1948ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರ್ ಸಂಚಿಕೆಯ ಮುಖಪುಟದಲ್ಲಿ ಬಾಬ್ ಮೆಗೀ ಕಟ್ಟಿದ 1932ರ ಫೋರ್ಡ್ ರೋಡ್‌ಸ್ಟರ್ (ಗಟ್ಟಿ ಮೇಲ್ಛಾವಣಿಯಿಲ್ಲದ ಕಾರು) ಬಂತು. ಮಡ್‌ಗಾರ್ಡ್ ಇಲ್ಲ, ಬಾಗಿಲಿನ ಹಿಂಜುಗಳು ಹೊರಗೆ ಕಾಣುವುದಿಲ್ಲ, ಮೈ ನೆಲಕ್ಕೆ ಹತ್ತಿರ. ಮುಕ್ಕಾಲು ಶತಮಾನ ಕಳೆದರೂ ಅದನ್ನು ಮಾದರಿಯಾಗಿಟ್ಟುಕೊಂಡು ಕಾರು ಕಟ್ಟುವವರಿಗೆ ಕೊರತೆಯಿಲ್ಲ.

ಅಗ್ಗದ ಹಳೆಯ ಕಾರಿನಿಂದ ಬೇಡದ ಭಾರವನ್ನೆಲ್ಲ ಕಳಚಿ, ಎಂಜಿನ್ನಿನ ಬಲ ಹೆಚ್ಚಿಸಿ, ದಕ್ಷಿಣ ಕ್ಯಾಲಿಫೋರ್ನಿಯಾದ ಮ್ಯುರಾಕ್, ಎಲ್ ಮಿರಾಜ್‌ನಂಥ ಒಣ ಕೆರೆಗಳ ಅಂಗಳದಲ್ಲಿ ಓಡಿಸುತ್ತಿದ್ದ ಹುಡುಗರ ಕಸುಬು ಈ ಹಾಟ್ ರಾಡ್. ಅವರು ಗುಜರಿಯಲ್ಲಿ ಸಿಕ್ಕಿದ್ದನ್ನು ಬಳಸಿದರು. ಇಂದು ಅದೇ ಕಾರನ್ನು ಕಟ್ಟಹೊರಟವರ ಕಷ್ಟ ಬೇರೆ. ಈಗ ಎಲ್ಲವೂ ಸಿಗುತ್ತದೆ, ಆದ್ದರಿಂದಲೇ ಕಾರು ಕೆಡುತ್ತದೆ. ಹಾಗಾಗಿ ಮೊದಲ ಹೆಜ್ಜೆ ಕಾಗದದ ಮೇಲೆ: ಒಂದು ವರ್ಷವನ್ನು ನಿಗದಿ ಮಾಡಿ. ಮೆಗೀ ಕಾರು ಮಾದರಿಯಾದರೆ ಅದು 1948. ಕಣ್ಣಿಗೆ ಕಾಣುವ ಯಾವ ಭಾಗವೂ ಆ ವರ್ಷದ ಈಚೆಗಿನದಾಗಿರಬಾರದು. ಅರ್ಧಕ್ಕರ್ಧ ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಕಾನೂನನ್ನೂ ಇಲ್ಲೇ ಮುಗಿಸಿಬಿಡೋಣ. ಕ್ಯಾಲಿಫೋರ್ನಿಯಾದಲ್ಲಿ ಸ್ವತಃ ಕಟ್ಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಇದೆ. ಹೊಗೆ ತಪಾಸಣೆಯಲ್ಲಿ ವಿನಾಯಿತಿ ವರ್ಷಕ್ಕೆ 500 ವಾಹನಗಳಿಗೆ ಮಾತ್ರ. ಅಲ್ಲಿ ನೆಲೆಸಿರುವ ಕನ್ನಡಿಗರು ಜನವರಿಯಲ್ಲೇ ಅರ್ಜಿ ಹಾಕುವುದು ಒಳ್ಳೆಯದು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಬೆಂಗಳೂರಿನ ರಸ್ತೆಯಲ್ಲಿ ಇದನ್ನು ಓಡಿಸುವ ಕನಸನ್ನು ಸದ್ಯಕ್ಕೆ ಮಡಿಸಿಡಬೇಕು.

ಮೊದಲು ಚಕ್ರ, ಆಮೇಲೆ ಉಳಿದದ್ದು

ಹೆಚ್ಚಿನವರು ಎಂಜಿನ್ ಕೊಳ್ಳುವುದರಿಂದ ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ಟೈರು ಕೊಳ್ಳಿ. ಹಾಟ್ ರಾಡಿನ ಚೆಲುವು ಇರುವುದು ಅದು ನಿಲ್ಲುವ ಭಂಗಿಯಲ್ಲಿ. ಆ ಭಂಗಿಯನ್ನು ತೀರ್ಮಾನಿಸುವುದು ಟೈರಿನ ಎತ್ತರ. 16 ಇಂಚಿನ ಫೋರ್ಡ್ ಉಕ್ಕಿನ ಚಕ್ರಗಳಿಗೆ ಮುಂದೆ 5.50–16, ಹಿಂದೆ 7.00–16 ಅಥವಾ 7.50–16 ಅಳತೆಯ ಬಯಾಸ್ ಪ್ಲೈ (ಒಳಗಿನ ಎಳೆಗಳು ಓರೆಯಾಗಿರುವ ಹಳೆಯ ಬಗೆಯ) ಟೈರು ಸರಿಹೊಂದುತ್ತದೆ. ಮುಂದೆ ಸಣ್ಣದು, ಹಿಂದೆ ದೊಡ್ಡದು. ಕಾರು ನಿಂತಲ್ಲೇ ಮೂಗು ತಗ್ಗಿಸಿ ಮುನ್ನುಗ್ಗುವಂತೆ ಕಾಣುವುದು ಇದರಿಂದ.

1932ರ ಅಸಲಿ ಬಾಡಿ ಸಿಕ್ಕರೆ ಬೆಲೆ ವಿಪರೀತ. ಸಿಕ್ಕದ್ದೂ ತುಕ್ಕು ತಿಂದಿರುತ್ತದೆ. ಒಹಾಯೊದ ಬ್ರೂಕ್‌ವಿಲ್ ಸಂಸ್ಥೆ ಹೊಸ ಉಕ್ಕಿನಲ್ಲೇ ಅದೇ ಅಚ್ಚಿನ ಬಾಡಿ ಒತ್ತುತ್ತದೆ. ಫೈಬರ್ ಗ್ಲಾಸಿನದು ಅಗ್ಗ, ಆದರೆ ಬಾಗಿಲು ಮುಚ್ಚುವ ಸದ್ದಿಗೇ ಗುಟ್ಟು ರಟ್ಟಾಗುತ್ತದೆ.

ಬಾಡಿ ಮತ್ತು ಚಾಸಿಯನ್ನು (ಕಾರಿನ ಅಡಿಯ ಉಕ್ಕಿನ ಚೌಕಟ್ಟು) ಸ್ಟ್ಯಾಂಡುಗಳ ಮೇಲೆ ಕೂರಿಸಿ, ಟೈರುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಅರ್ಧ ಇಂಚು ಏರಿಸಿ, ಇಳಿಸಿ, ಮತ್ತೆ ನೋಡಿ. ಮನಸ್ಸು ಒಪ್ಪಿದ ಮೇಲೆ ನೆಲದಿಂದ ಚಾಸಿಗಿರುವ ಅಂತರವನ್ನು ನಾಲ್ಕೂ ಮೂಲೆಯಲ್ಲಿ ಅಳೆದು ಗೋಡೆಯ ಮೇಲೆ ಬರೆದಿಡಿ. ಮುಂದಿನ ಕೆಲಸವೆಲ್ಲ ಆ ನಾಲ್ಕು ಅಂಕಿಗಳನ್ನು ಮುಟ್ಟಲಿಕ್ಕಾಗಿ.

ತಗ್ಗಿಸುವ ಕೆಲಸ

1932ರ ಫೋರ್ಡಿನ ಚಾಸಿಗೆ ಒಂದು ವಿಶೇಷವಿದೆ. ಮಡ್‌ಗಾರ್ಡ್ ತೆಗೆದಾಗ ಅದರ ಪಕ್ಕದ ತೊಲೆಗಳು ಮೈಯ ಭಾಗವಾಗಿಯೇ ಕಾಣುತ್ತವೆ. ಅವುಗಳ ಮೇಲೆ ಉದ್ದಕ್ಕೂ ಒತ್ತಿದ ಗೆರೆಯಿದೆ. ಆ ಗೆರೆಯ ಮೇಲೆ ಕಂಡಲ್ಲಿ ತೂತು ಕೊರೆಯಬೇಡಿ. ತೊಲೆಯ ತೆರೆದ ಒಳಬದಿಗೆ ತಗಡು ಬೆಸೆದು ಮುಚ್ಚಿದರೆ ಹೊಸ ಎಂಜಿನ್ನಿನ ಬಲ ತಾಳಿಕೊಳ್ಳುತ್ತದೆ. ಒಂದೇ ಕಡೆ ಉದ್ದಕ್ಕೆ ವೆಲ್ಡಿಂಗ್ ಮಾಡಿದರೆ ಶಾಖಕ್ಕೆ ತೊಲೆ ಬಾಗುತ್ತದೆ. ಅಲ್ಲಲ್ಲಿ ಒಂದೊಂದು ಇಂಚು ಬೆಸೆದು, ಆರಲು ಬಿಟ್ಟು, ಮತ್ತೆ ಮುಂದುವರಿಯಿರಿ.

ಮೆಗೀ ತನ್ನ ಕಾರಿನ ಹಿಂಬದಿಯಲ್ಲಿ ತೊಲೆಯನ್ನು ಕತ್ತರಿಸಿ, ಹಿಂದಿನ ತುಂಡನ್ನು ಮೇಲಕ್ಕೆತ್ತಿ ಬೆಸೆದಿದ್ದ. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ‘ಝಡ್’ ಅಕ್ಷರದ ತಿರುವು. ಇದನ್ನು ಮಾಡಿದರೆ ನೆಲದ ಹಲಗೆ, ಪೆಟ್ರೋಲ್ ಟ್ಯಾಂಕು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ನುರಿತ ವೆಲ್ಡರ್ ಜೊತೆಗಿಲ್ಲದಿದ್ದರೆ ಕೈ ಹಾಕಬೇಡಿ. ಹಿಂದಿನ ಅಡ್ಡ ಸ್ಪ್ರಿಂಗಿನ ಒಂದೆರಡು ಪಟ್ಟಿ ಕಳಚಿದರೂ ಸಾಕಷ್ಟು ತಗ್ಗುತ್ತದೆ.

ಮುಂದೆ, ತುದಿಗಳನ್ನು ಮೇಲಕ್ಕೆ ಬಗ್ಗಿಸಿದ ಐ-ಬೀಮ್ ಆಕ್ಸೆಲ್ (ಇಂಗ್ಲಿಷಿನ ‘ಐ’ ಅಕ್ಷರದಂಥ ಅಡ್ಡಕೊಯ್ತದ ಅಚ್ಚು) ಹಾಕಬೇಕು. ಮಧ್ಯಭಾಗ ಅಷ್ಟು ಕೆಳಗಿಳಿದರೆ ಕಾರೂ ಅಷ್ಟೇ ಇಳಿಯುತ್ತದೆ, ಸ್ಪ್ರಿಂಗಿನ ಆಟ ಕಡಿಮೆಯಾಗುವುದಿಲ್ಲ. ಆಕ್ಸೆಲ್ಲನ್ನು ಹಿಂದಕ್ಕೆ ಹಿಡಿದಿಡುವ ವಿಶ್‌ಬೋನ್ ಎಂಬ ಕವಲು ಸರಳು ಮೂಲದಲ್ಲಿ ಗೇರ್ ಬಾಕ್ಸಿನ ಕೆಳಗೆ ಒಂದೇ ಬಿಂದುವಿನಲ್ಲಿ ಸೇರುತ್ತದೆ. ಅದನ್ನು ಎರಡಾಗಿ ಸೀಳಿ ತುದಿಗಳನ್ನು ಎರಡು ಪಕ್ಕದ ತೊಲೆಗಳಿಗೆ ಕಟ್ಟುವುದು ವಾಡಿಕೆ. ಹಾಗೆ ಮಾಡಿದಾಗ ಒಂದು ಚಕ್ರ ಉಬ್ಬಿನ ಮೇಲೇರಿದರೆ ಆಕ್ಸೆಲ್ಲೇ ತುಸು ತಿರುಚಿಕೊಳ್ಳಬೇಕಾಗುತ್ತದೆ. ಐ-ಬೀಮ್ ತಿರುಚಿಕೊಳ್ಳುತ್ತದೆ, ಕೊಳವೆ ಆಕ್ಸೆಲ್ ತಿರುಚಿಕೊಳ್ಳುವುದಿಲ್ಲ. ಅಂದಕ್ಕೆಂದು ಕೊಳವೆ ಹಾಕಿದರೆ ಬೆಸುಗೆ ಬಿರಿಯುತ್ತದೆ. ಆಕ್ಸೆಲ್ ಇಳಿದಾಗ ಸ್ಟೇರಿಂಗಿನ ಅಡ್ಡ ಸರಳು ವಿಶ್‌ಬೋನಿಗೆ ತಾಗುತ್ತದೆ, ಆದ್ದರಿಂದ ಸ್ಟೇರಿಂಗ್ ತೋಳುಗಳನ್ನೂ ತಗ್ಗಿಸಿ.

ಬ್ರೇಕಿಗೆ 1939ರಿಂದ 1948ರವರೆಗಿನ ಫೋರ್ಡ್ ಹೈಡ್ರಾಲಿಕ್ ಡ್ರಮ್ಮುಗಳು. 1932ರ ಕಾರಿನಲ್ಲಿದ್ದದ್ದು ಸರಳುಗಳಿಂದ ಎಳೆಯುವ ಬ್ರೇಕು. ಅದು ಬೇಡವೇ ಬೇಡ. ಇಲ್ಲಿ ನಾನು 1948ರ ಗೆರೆ ದಾಟುತ್ತೇನೆ: ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ದಾರಿಯಿರುವ ಆಧುನಿಕ ಮಾಸ್ಟರ್ ಸಿಲಿಂಡರನ್ನು (ಪೆಡಲಿನ ಒತ್ತಡವನ್ನು ಬ್ರೇಕಿನ ದ್ರವಕ್ಕೆ ದಾಟಿಸುವ ಭಾಗ) ಕಾರಿನ ನೆಲದಡಿ ಅಡಗಿಸಿ. ಒಂದು ಪೈಪು ಒಡೆದರೆ ಎರಡು ಚಕ್ರವಾದರೂ ನಿಲ್ಲುತ್ತವೆ.

ಎಂಜಿನ್

1932ರಲ್ಲಿ ಫೋರ್ಡ್ ಹೊರತಂದ ಫ್ಲಾಟ್‌ಹೆಡ್ ವಿ8 ಎಂಬ ಎಂಟು ಸಿಲಿಂಡರಿನ ಎಂಜಿನ್ನಿನ ಗಾತ್ರ 221 ಘನ ಇಂಚು, ಬಲ 65 ಅಶ್ವಶಕ್ತಿ. ನಿಮಗೆ ಬೇಕಾದ್ದು ಅದರ ತಮ್ಮ: 1946–48ರ 239 ಘನ ಇಂಚಿನ, 100 ಅಶ್ವಶಕ್ತಿಯ ಬ್ಲಾಕು.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಈ ಎಂಜಿನ್ನಿನಲ್ಲಿ ವಾಲ್ವುಗಳು ಬ್ಲಾಕಿನೊಳಗೇ ಇವೆ. ಬಿಸಿ ಹೊಗೆ ಹೊರಬರುವ ಮುನ್ನ ನೀರಿನ ಕೋಣೆಗಳ ನಡುವೆಯೇ ಹಾದುಬರಬೇಕು. ಪ್ರತಿ ಬದಿಯ ನಡುವಿನ ಎರಡು ಸಿಲಿಂಡರುಗಳಿಗೆ ಹೊರದಾರಿ ಒಂದೇ. ಕುದಿಯುವುದು ಅದರ ಹುಟ್ಟುಗುಣ. ಕುದಿದು ಕುದಿದು ವಾಲ್ವಿನ ಕೂರುಪಟ್ಟಿಯಿಂದ ಸಿಲಿಂಡರಿನ ಕಡೆಗೆ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ, ಬರಿಗಣ್ಣಿಗೆ ಕಾಣದು. ಬ್ಲಾಕನ್ನು ಬರಿದು ಮಾಡಿ, ರಾಸಾಯನಿಕ ತೊಟ್ಟಿಯಲ್ಲಿ ತೊಳೆಸಿ, ಅಯಸ್ಕಾಂತದ ಪುಡಿಯ ಪರೀಕ್ಷೆ ಮಾಡಿಸಿ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ಕೂರುತ್ತದೆ. ಹೆಡ್ ಬೋಲ್ಟಿನ ತೂತಿನಿಂದ ನೀರಿನ ತೂತಿಗೆ ಹೋದ ಸಣ್ಣ ಬಿರುಕನ್ನು ಸರಿಪಡಿಸಬಹುದು. ಸಿಲಿಂಡರಿಗೇ ಇಳಿದಿದ್ದರೆ ಬೇರೆ ಬ್ಲಾಕು ಹುಡುಕುವುದೇ ಅಗ್ಗ. ನೀರಿನ ಕೋಣೆಗಳೊಳಗೆ ಗಟ್ಟಿ ತಂತಿ ಹಾಕಿ ಕೆದಕಿ ನೋಡಿ. ಕಾರ್ಖಾನೆಯಲ್ಲಿ ಅಚ್ಚು ಹೊಯ್ದಾಗಿನ ಮರಳು ತುಕ್ಕಿನೊಂದಿಗೆ ಗಟ್ಟಿಕಟ್ಟಿ ಇನ್ನೂ ಅಲ್ಲೇ ಇರುತ್ತದೆ. ಅದು ಹೋಗದೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ವ್ಯರ್ಥ.

ಬೋರನ್ನು (ಸಿಲಿಂಡರಿನ ಅಗಲ) 3 5/16 ಇಂಚಿಗೆ ಹಿಗ್ಗಿಸಿ, ಮರ್ಕ್ಯುರಿ ಕಾರಿನ 4 ಇಂಚು ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಕ್ರ್ಯಾಂಕ್ ಕೂರಿಸಿದರೆ 276 ಘನ ಇಂಚು. 1949ರ ಮಾದರಿಯದೆಂದು ಕರೆಸಿಕೊಂಡರೂ ಆ ಮರ್ಕ್ಯುರಿ ಮಾರುಕಟ್ಟೆಗೆ ಬಂದದ್ದು 1948ರಲ್ಲೇ, ನಮ್ಮ ಗೆರೆಯೊಳಗೇ ಇದೆ. ಮೇಲೆ ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಹಂಚುವ ಎಡಲ್‌ಬ್ರಾಕ್ ಮ್ಯಾನಿಫೋಲ್ಡು, ಅವೆರಡನ್ನು ಬೆರೆಸುವ ಎರಡು ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್. ಮೂರು ಕೂರಿಸಿದರೆ ನೋಡಲು ಚೆಂದ, ಹದ ಮಾಡುವಾಗ ತಲೆನೋವು.

ಗೇರ್ ಬಾಕ್ಸು 1939ರ ಫೋರ್ಡಿನದು. ದೂರ ಓಡಿಸುವವರು ಕಣ್ಣಿಗೆ ಬೀಳದ, ಐದು ಗೇರಿನ ಆಧುನಿಕ ಟಿ5 ಗೇರ್ ಬಾಕ್ಸು ಹಾಕಿಕೊಳ್ಳಲಿ, ತಕರಾರಿಲ್ಲ.

ತಗಡಿನ ಕೆಲಸ ಮತ್ತು ಬಣ್ಣ

ಬಾಗಿಲಿನ ಹೊರ ಹಿಂಜುಗಳನ್ನು ತೆಗೆದು ಒಳಕ್ಕೆ ಸೇರಿಸುವುದು ಮೆಗೀ ಕಾರಿನ ಸಹಿ. ಹೊರಗಿನ ಹಿಂಜಿನ ಅಕ್ಷ ತಗಡಿನ ಆಚೆಗಿತ್ತು. ಅದು ಒಳಗೆ ಬಂದಾಗ ಬಾಗಿಲಿನ ಮುಂದಿನ ಅಂಚು ಕಂಬಕ್ಕೆ ಉಜ್ಜತೊಡಗುತ್ತದೆ. ಆದ್ದರಿಂದ ರಟ್ಟಿನಲ್ಲಿ ಮಾದರಿ ಕತ್ತರಿಸಿ ಬಾಗಿಲು ತೆರೆಯುವ ಬಗೆಯನ್ನು ಮೊದಲು ನೋಡಿಕೊಳ್ಳಿ. ಹಳೆಯ ತೂತುಗಳನ್ನು ತಗಡಿನಿಂದಲೇ ಮುಚ್ಚಿ, ಪುಟ್ಟಿಯಿಂದಲ್ಲ. ರೇಡಿಯೇಟರ್ ಕವಚದ ಮೇಲಿನ ಮುಚ್ಚಳದ ತೂತಿಗೂ ಇದೇ ಚಿಕಿತ್ಸೆ.

ಬಣ್ಣಕ್ಕೆ ಮುನ್ನ ಕಾರನ್ನು ಬರಿ ಲೋಹದಲ್ಲೇ ಪೂರ್ತಿ ಜೋಡಿಸಿ ಕೆಲವು ವಾರ ಓಡಿಸಿ. ಎಲ್ಲಿ ತಾಗುತ್ತದೆ, ಎಲ್ಲಿ ಸೋರುತ್ತದೆ, ಯಾವ ತಂತಿ ಬಿಸಿ ಕೊಳವೆಗೆ ಹತ್ತಿರವಾಯಿತು ಎಂಬುದೆಲ್ಲ ಆಗ ಹೊರಬೀಳುತ್ತದೆ. ಆಮೇಲೆ ಕಳಚಿ, ಕೆಂಪು ಬಣ್ಣ ಹೊಡೆಸಿ. ಮೆಗೀ ಕಾರು ನಂತರ ಡಿಕ್ ಸ್ಕ್ರಿಚ್‌ಫೀಲ್ಡ್ ಕೈಗೆ ಹೋಗಿ ಬಣ್ಣ ಬದಲಿಸಿ, ಕೊನೆಗೆ ಮತ್ತೆ 1948ರ ರೂಪಕ್ಕೇ ಮರಳಿತು. ಹಿಂದೆ 1939ರ ಫೋರ್ಡಿನ ಕಣ್ಣೀರಹನಿ ಆಕಾರದ ದೀಪಗಳಿರಲಿ. ತಿರುವಿನ ಸೂಚನೆಗೂ ಅವನ್ನೇ ಮಿನುಗುವಂತೆ ಮಾಡಬಹುದು. ಮೊದಲ ಕೆಲವು ನೂರು ಮೈಲಿ ಓಡಿದ ನಂತರ ಹೆಡ್ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.